ಪಿಪಿಒದಲ್ಲಿ ಮನೆಯವರ ಹೆಸರು ಹೇಗಿದೆ?

"ಅವ್ರು ಇದ್ದಾಗ ನನ್ನ ಹೆಸರನ್ನ ಯಾರೂ ಕೇಳ್ಲಿಲ್ಲ ಹವಾಲ್ದಾರ್ರೇ."

ಈ ವಾರ ಸೋಮವಾರಪೇಟೆ ಕಡೆಯ ಟಿಂಬರ್ ಯಾರ್ಡಿನಲ್ಲಿ ಕಿವಿಗೆ ಬಿದ್ದ ಮಾತು. ಆಡಿದ್ದು ಎಂಬತ್ತರ ಆಸುಪಾಸಿನ ಅಜ್ಜಿ. ಗಂಡ ಸೇನೆಯ ಆರ್ಟಿಲರಿಯವರು (ಫಿರಂಗಿ ದಳ), ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಸೇನೆ ಬಿಟ್ಟಾಗ ಕೊಟ್ಟ ಡಿಸ್ಚಾರ್ಜ್ ಬುಕ್ಕಿನಲ್ಲಿ ಹೆಂಡತಿ ಪುಟ್ಟಮ್ಮ, ಆಧಾರಿನಲ್ಲಿ ಲಕ್ಷ್ಮಮ್ಮ. ಫ್ಯಾಮಿಲಿ ಪೆನ್ಶನ್ ಅಲ್ಲಿಗೆ ನಿಂತಿದೆ.

ಯಾರ್ಡಿನ ಯಜಮಾನರೂ ಮಾಜಿ ಹವಾಲ್ದಾರ್. ತೋಟಗಳಿಂದ ಸಿಲ್ವರ್ ಓಕ್ ಕೊಳ್ಳುವುದು ಅವರ ವ್ಯಾಪಾರ. ಬೆಳಗ್ಗೆ ದಿಮ್ಮಿ, ಮಧ್ಯಾಹ್ನದ ಮೇಲೆ ಮಾಜಿ ಸೈನಿಕರ ಕಾಗದ. ಕಾಸು ತಗೊಳ್ಳುವುದಿಲ್ಲ, ಬಯ್ಯುವುದನ್ನೂ ಬಿಡುವುದಿಲ್ಲ. ಬಯ್ಗುಳ ಕೊಂಚ ಕಡಿಮೆಯಾದರೆ ಇನ್ನೂ ನಾಲ್ಕು ಜನ ಧೈರ್ಯವಾಗಿ ಬಂದಾರು.

ಅವರ ಅಳತೆ ನೋಡುವಂಥದ್ದು. ತೊಗಟೆ ಸುಲಿದು, ದಿಮ್ಮಿಯ ನಟ್ಟನಡುವೆ ಟೇಪು ಸುತ್ತುತ್ತಾರೆ. ಬುಡದಲ್ಲಿ ಸುತ್ತಿದರೆ ಮಾರುವವನಿಗೆ ಲಾಭ, ತುದಿಯಲ್ಲಿ ಸುತ್ತಿದರೆ ಕೊಳ್ಳುವವನಿಗೆ. ಸುತ್ತಳತೆ 48 ಇಂಚು, ಉದ್ದ 10 ಅಡಿ ಅನ್ನಿ. 48ರ ಕಾಲು ಭಾಗ 12. 12ನ್ನು 12ರಿಂದ ಗುಣಿಸಿ, ಹತ್ತಡಿಗೆ ಗುಣಿಸಿ, 144ರಿಂದ ಭಾಗಿಸಿದರೆ 10 ಘನ ಅಡಿ. ದುಂಡು ಮರದ ನಿಜವಾದ ಗಾತ್ರ ಸುಮಾರು 12.7 ಘನ ಅಡಿ. ಕೊಯ್ಯುವಾಗ ಹೊಟ್ಟು, ಅಂಚುಪಟ್ಟಿ ಎಂದು ಹೋಗುವುದನ್ನು ಈ ಹಳೇ ಲೆಕ್ಕ ಮೊದಲೇ ಕಳೆದಿಟ್ಟಿದೆ. ಇದು ತಿಳಿಯದೆ ವ್ಯಾಪಾರಿಯನ್ನು ಕಳ್ಳ ಅನ್ನುವ ತೋಟದವರಿದ್ದಾರೆ. ಕಳ್ಳತನ ನಡೆಯುವುದು ಟೇಪು ಸುತ್ತುವ ಜಾಗದಲ್ಲಿ, ಲೆಕ್ಕದಲ್ಲಿ ಅಲ್ಲ.

ಅದೇ ಕಣ್ಣಲ್ಲಿ ಅವರು ಅಜ್ಜಿಯ ಕಾಗದ ನೋಡಿದರು. ಸೇನೆಗೆ ಸೇರಿದ ಹೊಸತರಲ್ಲಿ ಹುಡುಗ ಹೆಂಡತಿಯನ್ನು ಮನೆಯಲ್ಲಿ ಕರೆಯುವ ಹೆಸರನ್ನೇ ಬರೆಸಿದ್ದಾನೆ, ಅವಳು ಹುಟ್ಟಿದ ವರ್ಷ ಅಂದಾಜಿನದು. ಗಂಡ ಬದುಕಿದ್ದಾಗಲಾದರೆ ಅವನದೇ ಒಂದು ಅರ್ಜಿ, ಅಫಿಡವಿಟ್ಟು, ಆಧಾರ್ ಪ್ರತಿ ಸೈನಿಕರ ದಾಖಲೆ ಇಡುವ ರೆಕಾರ್ಡ್ಸ್ ಆಫೀಸಿಗೆ ಹೋದರೆ ಪಾರ್ಟ್ ಟು ಆರ್ಡರ್ (ದಾಖಲೆಯಲ್ಲಿ ಬದಲಾವಣೆ ಬರೆಯುವ ಆದೇಶ) ಆಗಿ, ತಿದ್ದಿದ ಪಿಪಿಒ, ಅಂದರೆ ಪೆನ್ಶನ್ ಪಾವತಿ ಆದೇಶ, ಬರುತ್ತದೆ. ಈಗ ಅದೇ ಕೆಲಸವನ್ನು ಅಜ್ಜಿಯೇ ಮಾಡಿಸಬೇಕು: ಪುಟ್ಟಮ್ಮ, ಲಕ್ಷ್ಮಮ್ಮ ಎರಡೂ ಒಬ್ಬಳದೇ ಹೆಸರು ಎಂದು ಮ್ಯಾಜಿಸ್ಟ್ರೇಟ್ ಮುಂದೆ ಅಫಿಡವಿಟ್ಟು, ಮರಣ ಪತ್ರ, ಡಿಸ್ಚಾರ್ಜ್ ಬುಕ್ಕಿನ ಪುಟಗಳು, ಜಂಟಿ ಫೋಟೋ ಇದ್ದರೆ ಅದು, ಪಾಸ್‌ಬುಕ್ಕು. ಎಲ್ಲವೂ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ. ರೆಕಾರ್ಡ್ಸ್ ಆಫೀಸು ಆರ್ಟಿಲರಿಯಾದರೆ ನಾಸಿಕ್ ರೋಡ್, ಇಎಂಇ (ಯಂತ್ರ ದುರಸ್ತಿ ವಿಭಾಗ) ಆದರೆ ಸಿಕಂದರಾಬಾದ್, ಸಿಗ್ನಲ್ಸ್ (ಸಂಪರ್ಕ ವಿಭಾಗ) ಆದರೆ ಜಬಲ್ಪುರ. ಅಲ್ಲಿಂದ ಮುಂದೆ ಪ್ರಯಾಗರಾಜ್‌ನ ಸೇನಾ ಪೆನ್ಶನ್ ಕಚೇರಿ.

ಕೆಡುವುದು ಸಣ್ಣದರಲ್ಲಿ. ಹೆಸರು ತಿದ್ದಿಸಿ ಹುಟ್ಟಿದ ತಾರೀಖು ಬಿಟ್ಟರೆ ಫೈಲು ಮತ್ತೆ ವಾಪಸ್. ಪ್ರತಿ ಹಾಳೆಯ ಮೇಲೂ ಸರ್ವಿಸ್ ನಂಬರ್ ಇಲ್ಲದಿದ್ದರೆ ಕಾಗದ ಯಾರದೆಂದು ಗೊತ್ತಾಗುವುದಿಲ್ಲ. ಸಾವನ್ನು ತಿಳಿಸದೆ ಮಕ್ಕಳು ಎಟಿಎಮ್ಮಿನಲ್ಲಿ ಪೆನ್ಶನ್ ತೆಗೆಯುತ್ತ ಹೋದರೆ, ಆ ದುಡ್ಡು ಮುಂದೆ ವಸೂಲಾಗುತ್ತದೆ. ಬದುಕಿರುವವರದು ಇನ್ನೊಂದು ತಾಪತ್ರಯ: ಸ್ಪರ್ಶ್‌ಗೆ (ಸೇನಾ ಪೆನ್ಶನ್ನಿನ ಆನ್‌ಲೈನ್ ವ್ಯವಸ್ಥೆ) ಸೇರಿದವರು ಜೀವನ್ ಪ್ರಮಾಣ್ (ಬದುಕಿದ್ದೇನೆ ಎನ್ನುವ ಡಿಜಿಟಲ್ ಪ್ರಮಾಣಪತ್ರ) ಕೊಡುವಾಗ ಪೆನ್ಶನ್ ಕೊಡುವವರು ಯಾರು ಅನ್ನುವಲ್ಲಿ ಹಳೇ ಬ್ಯಾಂಕನ್ನೇ ಒತ್ತುತ್ತಾರೆ. ಅಲ್ಲಿ ಸ್ಪರ್ಶ್ ಎಂದೇ ಆರಿಸಬೇಕು. ಇಲ್ಲದಿದ್ದರೆ ಪ್ರಮಾಣಪತ್ರ ಎಲ್ಲಿಗೋ ಹೋಗಿ ಪೆನ್ಶನ್ ನಿಲ್ಲುತ್ತದೆ.

ಅಜ್ಜಿಯ ಮಗನಿಗೆ ಇದು ಯಾವುದೂ ಗೊತ್ತಿರಲಿಲ್ಲ. ಅಪ್ಪನ ಸೇನಾ ಫೋಟೋ ಹಾಕಿಸಿ ಪಟ್ಟಣದಲ್ಲಿ ದೊಡ್ಡ ಫ್ಲೆಕ್ಸ್ ಕಟ್ಟಿಸಿದ್ದ. 1964ರಲ್ಲಿ ಮಾಜಿ ಸೈನಿಕರ ಸಂಘವಾದ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್ ಕಟ್ಟಿದ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಈ ಕೊಡಗಿನವರೇ. ಅವರ ಪ್ರತಿಮೆಗೆ ಹಾರ ಹಾಕಲು ಸಾಲು ನಿಲ್ಲುವ ನಾವು ಮನೆಯ ಟ್ರಂಕಿನಲ್ಲಿರುವ ಡಿಸ್ಚಾರ್ಜ್ ಬುಕ್ ಬಿಚ್ಚುವುದಿಲ್ಲ. ಇಲಾಖೆಯನ್ನು ಬಯ್ಯುವುದು ಸುಲಭ, ಬಯ್ಯುವಷ್ಟು ತಡವೂ ಅಲ್ಲಿದೆ. ಆದರೆ ಈ ಅಜ್ಜಿಯ ಹೆಸರನ್ನು ಮೊದಲು ಕೇಳಬೇಕಾಗಿದ್ದವರು ಮನೆಯವರೇ. "ಯಾರೂ ಕೇಳ್ಲಿಲ್ಲ" ಅಂದಾಗ ಆಕೆಯ ದನಿಯಲ್ಲಿ ದೂರು ಕೂಡ ಇರಲಿಲ್ಲ. ಸಿಟ್ಟು ಬರಿಸುವುದೇ ಅದು.

ಹವಾಲ್ದಾರರು ಮಗನನ್ನು ಮೂರು ಸೆಟ್ ಝೆರಾಕ್ಸಿಗೆ ಕಳಿಸಿದರು. ಅಷ್ಟರಲ್ಲಿ ದಿಮ್ಮಿ ತಂದಿದ್ದ ನಿವೃತ್ತ ಸುಬೇದಾರರೊಬ್ಬರು ಅಳತೆ ಶುರು ಮಾಡಿ ಎಂದು ಅವಸರ ಮಾಡಿದರು.

"ಸಾಬ್, ನಿಮ್ಮ ಪಿಪಿಒದಲ್ಲಿ ಮನೆಯವರ ಹೆಸರು ಹೇಗಿದೆ?"

"ಇರ್ಬೇಕು ಬಿಡಿ, ಸರಿಯಾಗೇ ಇರುತ್ತೆ."

"ನೋಡ್ಕೊಂಡು ಬನ್ನಿ. ದಿಮ್ಮಿ ಎಲ್ಲೂ ಹೋಗಲ್ಲ."

ಸುಬೇದಾರರು ಗೊಣಗುತ್ತಲೇ ಮನೆಗೆ ಫೋನ್ ಮಾಡಿದರು.