ನಾಲ್ಕು ಲೀಟರ್ ಬಿಯರಿಗೆ ಚಿನ್ನದ ತಕ್ಕಡಿ

ನಗರ್ತಪೇಟೆಯಲ್ಲಿ ನನ್ನದು ತಕ್ಕಡಿ ರಿಪೇರಿ ಅಂಗಡಿ. ಗಿರಾಕಿಗಳು ಹೆಚ್ಚಾಗಿ ಅಕ್ಕಸಾಲಿಗರು. ಹಾಪ್ಸ್ ತೂಗುವ ವಿಷಯ ಕೇಳಿದ್ದು ಮಾತ್ರ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿರುವ ಅಕ್ಕನ ಮಗ. ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು ಅದು. ಪುಡಿ ಮಾಡಿ ಒತ್ತಿದ ಗುಳಿಗೆಯಾಗಿ ಸಿಗುತ್ತದೆ. "ಮಾಮ, ಹಾಕೋದು ಅಷ್ಟೇ, ಒಂದ್ಸಲ ಕಹಿ, ಒಂದ್ಸಲ ಸಪ್ಪೆ. ಯಾಕೆ?" ಅಂದ. (ಅಲ್ಲಿ ಮನೆಯಲ್ಲಿ ಬಿಯರ್ ಮಾಡಬಹುದು. ನಮ್ಮಲ್ಲಿ ಅಬಕಾರಿ ಲೈಸೆನ್ಸ್ ಬೇಕು, ಸುಮ್ನೆ ಒಲೆ ಹಚ್ಚಬೇಡಿ.)

ಅವನದು ಅಡುಗೆಮನೆ ತಕ್ಕಡಿ. 1 ಗ್ರಾಂಗಿಂತ ಕಮ್ಮಿ ತೋರಿಸುವುದಿಲ್ಲ. 20 ಲೀಟರ್ ಮಾಡುವವರಿಗೆ ಅದು ನಡೆಯುತ್ತದೆ. ಇವನು ಮಾಡುವುದು 4 ಲೀಟರ್. ಮ್ಯಾಗ್ನಮ್ ಎಂಬ ಹಾಪ್ಸ್ ತಳಿ, ಕಹಿಗೆ ಮೂಲವಾದ ಆಲ್ಫಾ ಆಸಿಡ್ 13%. ಒಂದು ಗಂಟೆ ಕುದಿಯಲು 3 ಗ್ರಾಂ. ತಕ್ಕಡಿ '3' ಎಂದಾಗ ಒಳಗಿರುವುದು 2.5 ಇರಬಹುದು, 3.5 ಕೂಡ ಇರಬಹುದು. ಕಹಿ ಅಳೆಯುವ ಐಬಿಯು ಲೆಕ್ಕದಲ್ಲಿ ಅದು ಸುಮಾರು 19ಕ್ಕೂ 26ಕ್ಕೂ ಇರುವ ವ್ಯತ್ಯಾಸ. ನಾಲಿಗೆಗೆ ಗೊತ್ತಾಗದೆ ಇರುತ್ತಾ?

0.01 ಗ್ರಾಂ ತೋರಿಸುವ ಜೇಬು ತಕ್ಕಡಿ ತಗೋ ಅಂದೆ. ಆದರೆ ಅದರಲ್ಲೂ ಒಂದು ಕಿತಾಪತಿ ಇದೆ. ಇಂಥ ತಕ್ಕಡಿಗಳು ಸೊನ್ನೆಯ ಹತ್ತಿರ ಸಣ್ಣ ಏರಿಳಿತ ಕಂಡರೆ ತಾವೇ ಸೊನ್ನೆಗೆ ಎಳೆದುಕೊಳ್ಳುತ್ತವೆ. ಬಟ್ಟಲಿಟ್ಟು ಸೊನ್ನೆ ಮಾಡಿ, ಗುಳಿಗೆಯ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿದರೆ ಮೊದಲಿನದನ್ನು ನುಂಗಿಬಿಡುತ್ತವೆ. ಚಿನ್ನದ ರಜ ತೂಗುವವರಿಗೆ ಇದು ಚೆನ್ನಾಗಿ ಗೊತ್ತು. ಒಟ್ಟಿಗೇ ಸುರಿಯಬೇಕು. ಅನುಮಾನ ಬಂದರೆ ಬಟ್ಟಲನ್ನು ಎತ್ತಿ ಮತ್ತೆ ಇಡಬೇಕು. ಫ್ಯಾನ್ ಆಫ್ ಮಾಡಬೇಕು, ಗಾಳಿಗೂ ಅಂಕಿ ಕುಣಿಯುತ್ತದೆ.

ತಕ್ಕಡಿ ಸರಿ ಇದೆಯಾ ಅಂತ ನೋಡಲು ಅವನ ಹತ್ತಿರ ತೂಕದ ಬಟ್ಟಿಲ್ಲ. ಅಮೆರಿಕದ ಐದು ಸೆಂಟ್ ನಾಣ್ಯ 5 ಗ್ರಾಂ ತೂಗುತ್ತದೆ. ಸವೆಯದ ಹೊಸ ನಾಣ್ಯ ಇಟ್ಟು ನೋಡು ಅಂದೆ. 4.98 ಬಂತಂತೆ. ಸಾಕು.

ತೂಕ ಸರಿಯಾದರೂ ಪೊಟ್ಟಣದ ಮೇಲಿನ ಆಲ್ಫಾ ಅಂಕಿ ನೋಡಲೇಬೇಕು. ಅದೇ ತಳಿ ಬೆಳೆಯಿಂದ ಬೆಳೆಗೆ ಬದಲಾಗುತ್ತದೆ. 13 ಇದ್ದದ್ದು 11 ಆದರೆ 3 ಗ್ರಾಂ ಬದಲು 3.5 ಗ್ರಾಂ ಬೇಕು. ಉಳಿದದ್ದನ್ನು ಗಾಳಿ ತೆಗೆದು ಫ್ರೀಜರಿನಲ್ಲಿಡಬೇಕು, ಇಲ್ಲದಿದ್ದರೆ ಕಹಿಯ ಕಸುವು ಹೋಗುತ್ತದೆ.

ಒಲೆ ಆರಿಸಿದ ಮೇಲೆ ಪರಿಮಳಕ್ಕೆ ಹಾಕುವ ಕ್ಯಾಸ್ಕೇಡ್‌ಗೆ ಇಷ್ಟೆಲ್ಲ ಮಡಿ ಬೇಡ. ಅದು ಅವನಿರುವ ಒರೆಗಾನ್‌ನಲ್ಲೇ ಹುಟ್ಟಿ 1972ರಲ್ಲಿ ಹೊರಬಂದ ತಳಿ. ಹತ್ತು ಗ್ರಾಂನಲ್ಲಿ ಅರ್ಧ ಗ್ರಾಂ ಆಚೀಚೆ ಆದರೆ ಏನೂ ಆಗುವುದಿಲ್ಲ. ಹಳೇ ತಕ್ಕಡಿಯನ್ನು ಅದಕ್ಕೇ ಇಟ್ಟುಕೋ ಎಂದಿದ್ದೇನೆ.