ಮಾಸ್ತರರಿಗೂ ಬಡತನದ ಪಾಠ

ಒಹಾಯೊದಲ್ಲಿ ನಾನು ಕಲಿಸುವ ಸಾಲಿ ‘ಟೈಟಲ್ ಒನ್’ ಪಟ್ಟಿಯಲ್ಲಿದೆ. ಬಡ ಮನೆಯ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಕೇಂದ್ರ ಸರ್ಕಾರ ಹೆಚ್ಚುವರಿ ಹಣ ಕೊಡಬೇಕೆಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಕಾಲದಲ್ಲಿ, 1965ರಲ್ಲಿ ಬಂದ ಕಾನೂನು ಅದು. ಅಮೆರಿಕದಾಗ ಬಡವರು ಅದಾರೇನ್ರಿ ಅಂತ ಗದಗಿನ ನಮ್ಮ ಓಣಿಯವರು ನಗುತ್ತಾರೆ. ಅದಾರ. ಶುಕ್ರವಾರ ಸಾಲಿ ಬಿಡುವ ಮುಂಚೆ ಕೆಲವು ಹುಡುಗರ ಪಾಟಿಚೀಲದೊಳಗೆ ಎರಡು ದಿನದ ಊಟದ ಪೊಟ್ಟಣ ಹಾಕಿ ಕಳಿಸುತ್ತೇವೆ, ಉಳಿದವರ ಕಣ್ಣಿಗೆ ಬೀಳದ ಹಾಗೆ.

ಬಡವರ ಬದುಕು ಹೇಗಿರುತ್ತದೆಂದು ತಿಳಿಯಲಿ ಅಂತ ಇಲ್ಲಿ ಮಾಸ್ತರರಿಗೆ ಆಟದ ರೂಪದಲ್ಲಿ ಒಂದು ತರಬೇತಿ ಕೊಡುತ್ತಾರೆ. ಮಿಸೌರಿಯ ಒಂದು ಸಂಸ್ಥೆ ರೂಪಿಸಿದ್ದು. ನಾವೆಲ್ಲ ಸಣ್ಣ ಸಣ್ಣ ಸಂಸಾರಗಳಾಗಿ ಕೂಡಬೇಕು. ಹದಿನೈದು ನಿಮಿಷಕ್ಕೆ ಒಂದು ವಾರ, ನಾಲ್ಕು ವಾರಕ್ಕೆ ತಿಂಗಳು. ಸುತ್ತಲೂ ಟೇಬಲ್ಲು: ಬ್ಯಾಂಕು, ಕಿರಾಣಿ ಅಂಗಡಿ, ಒತ್ತೆ ಅಂಗಡಿ, ಸರ್ಕಾರಿ ಕಚೇರಿ. ಒಂದೊಂದು ಟೇಬಲ್ಲಿಗೆ ಹೋಗಲೂ ಪ್ರಯಾಣದ ಚೀಟಿ ಬೇಕು. ಚೀಟಿ ಮುಗಿದರೆ ರೊಕ್ಕ ಇದ್ದರೂ ಅಂಗಡಿ ಮುಟ್ಟಲಾಗದು. ಎರಡನೇ ವಾರಕ್ಕೇ ನಮ್ಮ ಜೊತೆಯ ಗಣಿತದ ಮಾಸ್ತರರು ‘ಮಗ’ನನ್ನು ಸಾಲಿಗೆ ಕಳಿಸುವುದನ್ನು ಮರೆತೇಬಿಟ್ಟಿದ್ದರು. ಪಾಲಕರ ಸಭೆಗೆ ಬಾರದವರನ್ನು ಬೇಜವಾಬ್ದಾರಿಗಳೆಂದು ಬೈಯುತ್ತಿದ್ದವರೇ ಅವರು.

ಆದರೂ ಇದರ ಮೇಲೆ ನನಗೆ ಪೂರ್ತಿ ನಂಬಿಕೆ ಇಲ್ಲ. ಆಟ ಮುಗಿದ ಮೇಲೆ ನಾವು ಕಾಫಿ ಕುಡಿದು ಕಾರು ಹತ್ತಿ ಮನೆಗೆ ಹೋಗುತ್ತೇವೆ. ಬಡತನದ ವೇಷ ಹಾಕಿ ನಗಾಡುವವರೂ ಇರುತ್ತಾರೆ. ಮಾಸ್ತರರ ಮನಸ್ಸು ಬದಲಾಗಲಿ ಎಂದು ಕಾಯದೆ ಕೈ ಹಿಡಿದು ಕೆಲಸ ಮಾಡಿಸುವುದು 1987ರ ಮಕಿನ್ನಿ–ವೆಂಟೊ ಕಾನೂನು. ಬಾಡಿಗೆ ಕಟ್ಟಲಾರದೆ ನೆಂಟರ ಮನೆಯ ಮೂಲೆಯಲ್ಲಿ ಮಲಗುವ ಮಗುವನ್ನೂ ಅದು ಮನೆಯಿಲ್ಲದ ಮಗು ಎಂದೇ ಎಣಿಸುತ್ತದೆ. ಕಾಗದಪತ್ರ ಇಲ್ಲದಿದ್ದರೂ ತಕ್ಷಣ ಸೇರಿಸಿಕೊಳ್ಳಬೇಕು. ಇದನ್ನು ನೋಡಿಕೊಳ್ಳಲು ಪ್ರತಿ ಶಾಲಾ ಜಿಲ್ಲೆಯಲ್ಲೂ ಒಬ್ಬರು ಇರಲೇಬೇಕು. ಹುಡುಗಿಯೊಬ್ಬಳು ಮೂರು ದಿನ ನಿದ್ದೆಗಣ್ಣಲ್ಲಿ ಬಂದರೆ ನಾನು ಅವರಿಗೆ ಫೋನು ಮಾಡುತ್ತೇನೆ. ಮುಂದಿನದು ಅವರ ಪಾಲಿನದು.

ರೋಣ ತಾಲೂಕಿನ ಸರ್ಕಾರಿ ಸಾಲಿಯಲ್ಲಿ ಕಲಿಸುವ ನಮ್ಮ ದೊಡ್ಡಕ್ಕನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. “ಬಡತನ ತಿಳ್ಕೊಳ್ಳಾಕ ಆಟ ಆಡಬೇಕೇನವಾ?” ಅಂದಳು. ಆಕೆಗೆ ಆಟ ಬೇಡ, ನಿಜ. ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಯಾವ ಹುಡುಗಿ ತಮ್ಮನನ್ನು ಕಾಯಲು ಮನೆಯಲ್ಲಿ ಉಳಿಯುತ್ತಾಳೆ, ಯಾವ ಮನೆಯವರು ದುಡಿಯಲು ಗೋವಾಕ್ಕೆ ಹೋದರು, ಎಲ್ಲ ಬಾಯಿಪಾಠ. ಹೋದ ವರ್ಷ ಒಬ್ಬ ಹುಡುಗಿಗೆ “ತಮ್ಮನ್ನೂ ಕರಕೊಂಡು ಬಾ” ಅಂದು ಹಿಂದಿನ ಸಾಲಿನಲ್ಲಿ ಕೂರಿಸಿಕೊಂಡಳು. ಬಿಸಿಯೂಟದ ಹೊತ್ತಿಗೆ ಅವನೇ ಮೊದಲು ತಾಟು ಹಿಡಿದು ನಿಲ್ಲುತ್ತಿದ್ದನಂತೆ.

ಆಕೆಗಿಲ್ಲದ್ದು ಫೋನು ಮಾಡಲು ಒಬ್ಬ ಮನುಷ್ಯ. ಹಾಜರಿ, ಹಾಲು, ಮೊಟ್ಟೆ, ಗಣತಿ, ಚುನಾವಣೆ ಪಟ್ಟಿ ಎಲ್ಲ ಆಕೆಯ ಕೊರಳಿಗೇ. ಕಾನೂನಿಗೇನೂ ಕೊರತೆಯಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮಿನ ಪ್ರಕಾರ ಟೀಸಿ ತಡವಾಯಿತೆಂದು ಪ್ರವೇಶ ನಿರಾಕರಿಸುವ ಹಾಗಿಲ್ಲ. 14ನೇ ಕಲಮಿನ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದೂ ಹಿಂದೆ ಕಳಿಸುವ ಹಾಗಿಲ್ಲ. ಹಾಗಿದ್ದೂ ಸುಗ್ಗಿ ಮುಗಿಸಿ ಬಂದ ಅಪ್ಪಂದಿರು ಟೀಸಿಗೆಂದು ಎರಡೆರಡು ಊರಿಗೆ ಬಸ್ಸಿನ ದುಡ್ಡು ಸುರಿಯುತ್ತಾರೆ, ಅಂದರೆ ಒಂದೊಂದು ಸಲಕ್ಕೂ ಒಂದು ದಿನದ ಕೂಲಿ ಹೋಯಿತು.

ಬೇಸಿಗೆಗೆ ಊರಿಗೆ ಬಂದಾಗ ಮಾಸ್ತರರ ಸಭೆಯಲ್ಲಿ ಮಾತಾಡು ಎಂದಿದ್ದಾಳೆ ಅಕ್ಕ. ಅಮೆರಿಕದ ಆಟ ಆಡಿಸಲೇ ಎಂದು ಕೇಳಿದೆ. “ಅದೇನೂ ಬ್ಯಾಡ. ಆ ಎರಡು ಕಲಮು ದೊಡ್ಡ ಅಕ್ಷರದಾಗ ಕನ್ನಡದಾಗ ಅಚ್ಚು ಹಾಕಿಸ್ಕೊಂಡು ಬಾ. ಎಲ್ಲಾ ಸಾಲಿ ಆಫೀಸಿನ ಗ್ವಾಡಿಗೆ ಅಂಟಸೋಣು” ಅಂದಳು.