ಎಳ್ಳಮಾಸಿಯ ಭಜ್ಜಿ, ಭೂತಾಯಿಯ ಚರಗ

ಮಾರ್ಗಶಿರದ ಕೊನೆಗೆ ಎಳ್ಳಮಾಸಿ, ಅಂದರೆ ಎಳ್ಳ ಅಮಾವಾಸ್ಯೆ, ಬರುವ ಹೊತ್ತಿಗೆ ಕಲಬುರಗಿ ಸೀಮೆಯಲ್ಲಿ ಹಿಂಗಾರಿ ಜೋಳ ಇನ್ನೂ ಹೊಲದಲ್ಲೇ ನಿಂತಿರುತ್ತದೆ. ಕಡಲೆ ಹೂವು, ಕಾಯಿ ಹಿಡಿದಿರುತ್ತದೆ. ತೊಗರಿ ಬಲಿತರೂ ದರ ಏನಾಗುವುದೋ ಯಾರೂ ಹೇಳಲಾರರು. ರಾಶಿ ಮನೆಗೆ ಬಂದಿಲ್ಲ, ಸಾಲ ತೀರಿಲ್ಲ, ಆದರೂ ಹೊಲಕ್ಕೆ ಹಬ್ಬ. ಬಸುರಿ ಭೂತಾಯಿಯ ಬಯಕೆ ತೀರಿಸಲು ಫಸಲಿನ ಲೆಕ್ಕ ಯಾಕೆ ಬೇಕು? ಹಿಗ್ಗುವುದನ್ನು ಮುಂದಕ್ಕೆ ಹಾಕುತ್ತಾ ಹೋಗುವ ನಮ್ಮ ಚಾಳಿಗೆ ಹಿರಿಯರು ಇಟ್ಟ ಮದ್ದು ಇದೇ ಇರಬೇಕು.

ಆ ಹಿಗ್ಗು ಹಿಂದಿನ ರಾತ್ರಿ ಒಲೆಯ ಮೇಲೇ ಶುರುವಾಗುತ್ತದೆ. ಇಲ್ಲಿ ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ, ಕಾಳು, ಸೊಪ್ಪು, ತರಕಾರಿ ಕೂಡಿಸಿ ಕುದಿಸಿದ ಪಲ್ಯ. ಅದಕ್ಕೆ ಹಸಿ ತೊಗರಿಕಾಳು, ಅವರೆ, ಕಡಲೆ, ಶೇಂಗಾ ಮೊದಲು ಬೇಯಬೇಕು. ಬದನೆ, ಗಜ್ಜರಿ, ಮೆಂತ್ಯ, ಪಾಲಕ, ಪುಂಡಿಪಲ್ಯ ಆಮೇಲೆ. ಅವಸರಕ್ಕೆ ಹುಣಸೆಹುಳಿಯನ್ನೋ ಪುಂಡಿಯನ್ನೋ ಮುಂಚೆಯೇ ಹಾಕಿದರೆ ಕೆಲಸ ಕೆಟ್ಟಿತು: ಹುಳಿ ತಾಗಿದ ಕಾಳು ಎಷ್ಟು ಕುದಿಸಿದರೂ ಬೇಗ ಮೆತ್ತಗಾಗದು. ಕಡಲೆಹಿಟ್ಟನ್ನು ತಣ್ಣೀರಲ್ಲಿ ಕದಡಿಯೇ ಸುರಿಯಬೇಕು, ಬಿಸಿಗೆ ನೇರ ಉದುರಿಸಿದರೆ ಗಂಟು. ಬಳ್ಳೊಳ್ಳಿ, ಹಸಿಮೆಣಸಿನಕಾಯಿ ಕುಟ್ಟಿ ಹಾಕಿದಾಗ ಏಳುವ ಆ ಘಮ ಓಣಿಯ ತುದಿಗೂ ಮುಟ್ಟುತ್ತದೆ; ಅದರ ಮುಂದೆ ಯಾವ ಊದಿನಕಡ್ಡಿಯೂ ಸಪ್ಪೆ.

ಸಜ್ಜಿ ಹಿಟ್ಟು ಆ ವಾರದ್ದೇ ಇರಲಿ, ಹಳೆಯದಾದರೆ ಕಹಿ. ಕುದಿನೀರು ಹಾಕಿ ನಾದಿ, ಎಳ್ಳು ಹಚ್ಚಿದ ಕಡುಬನ್ನು ಹಬೆಯಲ್ಲಿ ಬೇಯಿಸುತ್ತಾರೆ. ತಣ್ಣೀರಲ್ಲಿ ನಾದಿದ್ದು ಬಿರಿಯುತ್ತದೆ. ಅಂಬಲಿಗೆ ಒಂದು ಬಟ್ಟಲು ಜೋಳದ ಹಿಟ್ಟಿಗೆ ಆರೇಳು ಬಟ್ಟಲು ನೀರು, ಪೂರಾ ಆರಿದ ಮೇಲೆ ಮಜ್ಜಿಗೆ.

ಹೊಲದಲ್ಲಿ ಜೋಳದ ದಂಟಿನ ಕೊಪ್ಪಿ (ಪುಟ್ಟ ಗುಡಿಸಲು) ಕಟ್ಟಿ, ಒಳಗೆ ಸುಣ್ಣ ಬಳಿದ ಐದು ಕಲ್ಲು ಇಟ್ಟರೆ ಪಾಂಡವರು ಬಂದಂತೆ. ಪೂಜೆ, ಎಡೆ ಮುಗಿಸಿ ಒಬ್ಬರು ಚರಗ, ಅಂದರೆ ಎಡೆಯ ಅಡಿಗೆಯ ತುತ್ತು, ಹೊಲಕ್ಕೆ ಚೆಲ್ಲುತ್ತ ಮುಂದೆ, ಇನ್ನೊಬ್ಬರು ನೀರು ಚಿಮುಕಿಸುತ್ತ ಹಿಂದೆ. “ಹುಲ್ಲುಲ್ಲಿಗೋ, ಚಲ್ಲಂಬರಿಗೋ” ಎಂಬ ಕೂಗಿಗೆ ಊರೂರಲ್ಲಿ ಒಂದೊಂದು ರೂಪ. ನಾಲ್ಕೂ ಬದು ಸುತ್ತಬೇಕು. ಇರುವೆ, ಗುಬ್ಬಿ, ಇಲಿ, ಎಲ್ಲಕ್ಕೂ ಪಾಲು ಮುಟ್ಟಿದ ಮೇಲೆ ಮನುಷ್ಯರ ಪಂಕ್ತಿ. ಹಾದಿಯಲ್ಲಿ ಹೋಗುವವರನ್ನೂ “ಬರ್ರಿ, ಉಣ್ಣಾಕ ಕೂಡ್ರಿ” ಎಂದು ಕರೆಯದಿದ್ದರೆ ಊಟ ಪೂರ್ತಿಯಾಗದು.

ಈಗೀಗ ಖಾನಾವಳಿಯಿಂದ ಭಜ್ಜಿ ಕಟ್ಟಿಸಿಕೊಂಡು, ಬದುವಿನ ಮೂಲೆಗೆ ನಾಲ್ಕು ತುತ್ತು ಎಸೆದು, ಫೋಟೋ ತೆಗೆದು ಗಾಡಿ ಹತ್ತುವವರೇ ಹೆಚ್ಚು. ಕೊಂಡು ತಂದದ್ದು ತಪ್ಪಲ್ಲ, ನಗರದ ಮನೆಗಳಲ್ಲಿ ಬೇರೆ ದಾರಿ ಇರದು. ಕಾಲಿಗೆ ಕರಿಮಣ್ಣು ಹತ್ತದೆ ಹಿಂತಿರುಗುತ್ತಾರಲ್ಲ, ಅದೇ ಕಸಿವಿಸಿ.

ಉಳಿದ ಭಜ್ಜಿಯನ್ನು ಚೆಲ್ಲಬೇಡಿ. ಕರಿಯ ದಿನ, ಅಂದರೆ ಹಬ್ಬದ ಮರುದಿನ, ಬೆಳಗ್ಗೆ ಅದು ಗಟ್ಟಿಯಾಗಿರುತ್ತದೆ. ಅರ್ಧ ಬಟ್ಟಲು ಬಿಸಿನೀರು ಬೆರೆಸಿ ಸಣ್ಣ ಉರಿಯಲ್ಲಿ ತಿರುವುತ್ತಾ ಕಾಯಿಸಿ, ತಳ ಬೇಗ ಹಿಡಿಯುತ್ತದೆ. ಜೋಡಿಗೆ ಕಟಿರೊಟ್ಟಿ, ಒಣಗಿಸಿದ ಗಟ್ಟಿ ರೊಟ್ಟಿ.